ಏಳನೇ ಹೌಸಿಗೆ ಎಷ್ಟು ದೂರ

ಕಳೆದ ವಾರ ದೋಹಾದ ಅಲ್ ಥುಮಾಮಾದಲ್ಲಿ ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಆರಿಸುತ್ತಿದ್ದೆ. ಈಚೆಗೆ ತೊಟ್ಟು ಸಮೇತ ಗೊಂಚಲನ್ನೇ ತಂದು ಜೋಡಿಸಿಡುತ್ತಾರೆ, ನೋಡಲಿಕ್ಕೆ ಚೆಂದ ಅಂತ. ಒಂದು ಗೊಂಚಲು ಎತ್ತಿದೆ. ಬೆರಳಿಗೆ ಆ ಹಸಿರು ವಾಸನೆ ಹತ್ತಿಕೊಂಡಿತು. ವಾಸನೆ ಇರುವುದು ಹಣ್ಣಿಗಲ್ಲ, ತೊಟ್ಟಿಗೆ. ಅದು ಗೊತ್ತಿರುವುದು ಕೊಯ್ದವರಿಗೆ ಮಾತ್ರ. ಗೊಂಚಲನ್ನು ಅಲ್ಲೇ ಇಟ್ಟು ಕೈ ಮೂಸುತ್ತಾ ನಿಂತುಬಿಟ್ಟೆ. "ಏನಾಯ್ತೇ?" ಅಂದರು ನಮ್ಮವರು. ನನ್ನ ಮುಖ ನೋಡಿ ಅವರಿಗೂ ಗೊತ್ತಾಯಿತು. ಆ ದಿನ ಟೊಮ್ಯಾಟೊ ಇಲ್ಲದೆಯೇ ಮನೆಗೆ ಬಂದೆವು.

ದೋಹಾದಿಂದ ಉತ್ತರಕ್ಕೆ ಒಂದು ಗಂಟೆ ದಾರಿಯ ತರಕಾರಿ ತೋಟವೊಂದರಲ್ಲಿ ನಾವು ಒಂದು ಚಳಿಗಾಲ ಕಳೆದೆವು. ನಮ್ಮವರು ಕೃಷಿ ಓದಿದವರು. ತೋಟದ ಕತಾರಿ ಯಜಮಾನರು ಆ ಸೀಸನ್ನಿಗೆ ಇವರನ್ನು ಮೇಲ್ವಿಚಾರಣೆಗೆ ಅಲ್ಲೇ ಉಳಿಯಲು ಕರೆದಿದ್ದರು. ಹನ್ನೆರಡು ಗ್ರೀನ್‌ಹೌಸ್, ಸುತ್ತ ಖರ್ಜೂರದ ಸಾಲು, ಅದರಾಚೆ ಬರೀ ಬೂದು ನೆಲ. ನಮಗೊಂದು ಪುಟ್ಟ ಪೋರ್ಟಾ ಕ್ಯಾಬಿನ್. ಅದರ ಪಕ್ಕದಲ್ಲೇ ಉದ್ದನೆಯ ಶೆಡ್ಡಿನಲ್ಲಿ ಹದಿನಾರು ಜನ ಕೆಲಸಗಾರರು: ಅರ್ಧಕ್ಕರ್ಧ ದಕ್ಷಿಣ ಕನ್ನಡದವರು, ಮಿಕ್ಕವರು ಮಲಯಾಳಿಗಳು, ನೇಪಾಳದವರು. ಹೆಂಗಸು ಅಂತ ಇದ್ದವಳು ನಾನೊಬ್ಬಳು. ಮೈಸೂರಿನಲ್ಲಿ ಹುಟ್ಟಿ, ಬಿನ್ ಒಮ್ರಾನಿನ ಫ್ಲ್ಯಾಟಿನಲ್ಲಿ ಲಿಫ್ಟು, ಏಸಿ ಅಂತ ಹಾಯಾಗಿದ್ದವಳನ್ನು ಇಲ್ಲಿ ತಂದು ಹಾಕಿದರಲ್ಲ ಎಂದು ಮೊದಲ ತಿಂಗಳು ಇವರ ತಲೆ ತಿಂದಿದ್ದೇ ತಿಂದಿದ್ದು.

ತೋಟದ ಫೋರ್ಮನ್ ಹೆಸರು ಹಮೀದ್. ಉಪ್ಪಿನಂಗಡಿ ಕಡೆಯವರು, ಅರವತ್ತರ ಹತ್ತಿರ. ಎಲ್ಲರ ಬಾಯಲ್ಲಿ ಹಮೀದಾಕ. ಅಡುಗೆಮನೆಯ ಹೊರಗೆ ನೀರಿನ ಪೈಪಿನ ತುಂಡೊಂದನ್ನು ನೇತುಹಾಕಿದ್ದರು. ಅದಕ್ಕೆ ಸ್ಪ್ಯಾನರಿನಿಂದ ಒಂದೇಟು ಹೊಡೆದರೆ ಚಹಾ, ಎರಡಕ್ಕೆ ಊಟ, ಮೂರಕ್ಕೆ ಲಾರಿ ಬಂತು ಎಂದರ್ಥ. ನಸುಕಿನ ನಮಾಜು ಮುಗಿಸಿ ಅವರು ಹೊಡೆಯುವ ಮೊದಲ ಏಟಿಗೆ ನಾನು ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಅಲ್ಲಿಂದ ಕೊಯ್ಲು. ಎಂಟಕ್ಕೆ ಲಾರಿ ಹೊರಡಬೇಕು. ತಡವಾದರೆ ಮಾರುಕಟ್ಟೆಯಲ್ಲಿ ಆ ದಿನದ ಹಣ್ಣು ಕೇಳುವವರಿಲ್ಲ.

ಆ ಜನ ಬದುಕುತ್ತಿದ್ದ ರೀತಿ ನನಗೆ ಮೊದಮೊದಲು ವಿಚಿತ್ರವಾಗಿ ಕಂಡಿತು. ಯಾರಿಗೂ ಪೆಟ್ಟಿಗೆ ಬೀಗ ಇಲ್ಲ. ಒಂದು ಜೊತೆ ಕಪ್ಪು ಶೂ ಇತ್ತು, ಎಂಟು ನಂಬರಿನದು. ಊರಿಗೆ ಹೋಗುವವನು ಯಾರೇ ಆಗಲಿ ಅದನ್ನೇ ಹಾಕಿಕೊಂಡು ವಿಮಾನ ಹತ್ತಬೇಕು, ಬರುವಾಗ ಅದನ್ನೇ ಹಾಕಿಕೊಂಡು ಬರಬೇಕು. ಕಾಲು ದೊಡ್ಡದಿದ್ದವನು ಕುಂಟುತ್ತಾ ಹೋಗುತ್ತಿದ್ದ, ಚಿಕ್ಕದಿದ್ದವನು ಬಟ್ಟೆ ತುರುಕುತ್ತಿದ್ದ. ಊಟಕ್ಕೆ ನೆಲದ ಮೇಲೆ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವರು. ಕೊನೆಯವನು ಬಂದು ಕೂರುವವರೆಗೆ ಯಾರೂ ತುತ್ತು ಎತ್ತುವ ಹಾಗಿಲ್ಲ, ಕೊನೆಯವನು ಉಂಡು ಮುಗಿಸುವವರೆಗೆ ಯಾರೂ ಏಳುವ ಹಾಗಿಲ್ಲ. "ಒಬ್ಬ ಅರ್ಧಕ್ಕೆ ಎದ್ರೆ ಬರ್ಕತ್ತೂ ಅವನ ಹಿಂದೆ ಎದ್ದು ಹೋಗ್ತದೆ ಮೇಡಂ" ಎಂದರು ಹಮೀದಾಕ. ಬರ್ಕತ್ತು ಎಂದರೆ ದೇವರು ಕೊಟ್ಟ ಸಮೃದ್ಧಿ. ಯಾರಿಗಾದರೂ ಹೊಟ್ಟೆ ಸರಿಯಿಲ್ಲದೆ ಎದ್ದರೆ ಉಳಿದವರೂ ಎದ್ದು ಕೈ ತೊಳೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಡಿಸೆಂಬರಿನಲ್ಲಿ ಅಡುಗೆಯವನು ಯಜಮಾನರ ಇನ್ನೊಂದು ತೋಟಕ್ಕೆ ಹೋದ. ಎರಡು ದಿನ ಅವರೇ ಬೇಯಿಸಿಕೊಂಡ ಅನ್ನ ನೋಡಿ ನನಗೆ ತಡೆಯಲಾಗಲಿಲ್ಲ. "ಬಿಡಿ ನಾನೇ ಮಾಡ್ತೀನಿ. ಆದ್ರೆ ಅಡುಗೆಮನೆ ನಂದು. ಚಪ್ಪಲಿ ಹೊರಗೆ ಬಿಟ್ಟು ಬರ್ಬೇಕು" ಎಂದೆ. ಮೀನಿಗೆ ಹೊರಗೊಂದು ಒಲೆ ಹಾಕಿಕೊಂಡರು. ಒಳಗೆ ನನ್ನ ರಾಜ್ಯ. ಹದಿನಾರು ಜನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸಾಲಾಗಿ ಬರುವುದು ನೋಡಿ ಹಮೀದಾಕ ನಕ್ಕರು: "ನಮ್ಗೆ ಇನ್ನೊಂದು ಮಸೀದಿ ಆಯ್ತು." ಆ ವಾರದಿಂದ ಅವರಿಗೆ ನಾನು ಮೇಡಂ ಹೋಗಿ ತಂಗಿಯಾದೆ, ಉಳಿದವರಿಗೆಲ್ಲ ಅಕ್ಕ.

ಅಡುಗೆಮನೆ ಜೊತೆಗೆ ನನ್ನ ಕೈಗೆ ಬಂದದ್ದು ನೀಲಿ ಕ್ರೇಟು. ಟೊಮ್ಯಾಟೊ ತುಂಬುವ ಪ್ಲಾಸ್ಟಿಕ್ ಕ್ರೇಟೇ. ಗ್ರೀನ್‌ಹೌಸಿನ ಒಳಗಿನ ಹಬೆಗೆ ಫೋನು ಕೆಡುತ್ತದೆ. ಹಿಂದೊಮ್ಮೆ ಗೊಬ್ಬರದ ನೀರಿನ ತೊಟ್ಟಿಗೂ ಒಂದು ಬಿದ್ದಿತ್ತಂತೆ. ಹಾಗಾಗಿ ಊಟಕ್ಕೆ ಬರುವವರೆಗೆ ಎಲ್ಲರ ಫೋನೂ ಆ ಕ್ರೇಟಿನಲ್ಲಿ. ಯಾರದ್ದು ರಿಂಗಾದರೂ ಅಡುಗೆಮನೆಯಲ್ಲಿದ್ದವರು ಎತ್ತಿ, "ಕೆಲಸದಲ್ಲಿದ್ದಾನೆ, ಲಾರಿ ಹೋದ ಮೇಲೆ ಮಾಡ್ತಾನೆ" ಎನ್ನಬೇಕು. ಲಾರಿ ಹೊರಡುವ ಮುಂಚೆ ಯಾರನ್ನೂ ಹೌಸಿನಿಂದ ಕರೆಯಬಾರದು. ಅದು ಕಾನೂನು. ಹೀಗೆ ಹದಿನಾರು ಸಂಸಾರದ ದನಿ ನನ್ನ ಕಿವಿಗೆ ಬಿತ್ತು. ನೇಪಾಳದ ಒಂದು ಮಗು ನನ್ನ ಸ್ವರ ಕೇಳಿದ ಕೂಡಲೇ ನಮಸ್ತೆ ಹೇಳಿ ಫೋನಿಟ್ಟುಬಿಡುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವರು ಲೀಲಕ್ಕ. ಬೆಳ್ತಂಗಡಿ ಕಡೆಯ ಸುಂದರನ ಅಕ್ಕ. ಸುಂದರನಿಗೆ ಮೂವತ್ತೆರಡೋ ಮೂವತ್ತಮೂರೋ ಇರಬೇಕು. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ. ಬೀಡಿ ಕಟ್ಟಿ ಅವನನ್ನು ಸಾಕಿದವರು ಈ ಅಕ್ಕ. ಗಂಡ ತೀರಿಹೋದ ಮೇಲೂ, ಮಗ ಕಾಲೇಜಿಗೆ ಹೋಗುವಷ್ಟು ದೊಡ್ಡವನಾದ ಮೇಲೂ ಬೀಡಿ ಬಿಟ್ಟಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಹಿಂದೆ ಎಲೆ ಕತ್ತರಿಸುವ ಕತ್ತರಿಯ ಕಚ್‌ಕಚ್ ಸದ್ದು ನಿಲ್ಲುತ್ತಲೇ ಇರಲಿಲ್ಲ.

"ಅವ ಸರಿ ಉಣ್ತಾನಾ ಅಕ್ಕಾ?" ಇದು ಅವರ ಮೊದಲ ಪ್ರಶ್ನೆ. ನನಗಿಂತ ಹತ್ತು ವರ್ಷ ದೊಡ್ಡವರು ನನ್ನನ್ನೇ ಅಕ್ಕ ಅನ್ನುತ್ತಿದ್ದರು.

"ಉಣ್ಣದೆ ಏನು ಲೀಲಕ್ಕ! ಎರಡೆರಡು ಸಲ ಹಾಕಿಸ್ಕೊಳ್ತಾನೆ ನಿಮ್ಮ ತಮ್ಮ."

"ಹಾಗಾದ್ರೆ ಸಾಕು. ನಿಮ್ಮ ಕೈಗೆ ಪುಣ್ಯ ಬರ್ಲಿ." ಮತ್ತೆ ಕಚ್‌ಕಚ್. ಹುರುಳಿ ಚಟ್ನಿ ಮಾಡುವುದನ್ನು ಅವರೇ ನನಗೆ ಹೇಳಿಕೊಟ್ಟರು.

ಜನವರಿಯಲ್ಲಿ ಒಂದು ಬೆಳಿಗ್ಗೆ ಮಳೆ ಬಂತು. ಇಪ್ಪತ್ತೇ ನಿಮಿಷ. ಕೊಯ್ಲು ಬಿಟ್ಟು ಎಲ್ಲರೂ ಹೊರಗೆ ಬಂದು ಮುಖ ಮೇಲೆತ್ತಿ ನಿಂತರು. ಕಾನೂನಿನ ಮುದುಕ ಹಮೀದಾಕನೂ ಟೋಪಿ ತೆಗೆದು ನಿಂತರು. ಸುಂದರ ಅಂಗಿ ಬಿಚ್ಚಿ ಕುಣಿದ. ನಾನು ಬಾಗಿಲಲ್ಲಿ ಸೌಟು ಹಿಡಿದು ನಿಂತು, "ನೆಗಡಿ ಆದ್ರೆ ಕಷಾಯ ನಾನು ಕಾಯಿಸಲ್ಲ ನೋಡಿ" ಎಂದು ಕೂಗುತ್ತಿದ್ದೆ. ಆಮೇಲೆ ಹದಿನಾರು ಲೋಟ ಕಷಾಯ ಕಾಯಿಸಿದೆ. ಇಷ್ಟು ಸುಖವಾಗಿ ನಾನು ಎಲ್ಲೂ ಇರಲಿಲ್ಲ, ಅಮ್ಮನ ಮನೆಯಲ್ಲೂ ಇರಲಿಲ್ಲ. ಇದನ್ನು ಹೇಳಲು ನನಗೇನೂ ನಾಚಿಕೆ ಇಲ್ಲ.

ಮಳೆ ಬಂದು ಹತ್ತು ದಿನಕ್ಕೆ ಆ ಬೆಳಿಗ್ಗೆ. ದಟ್ಟ ಮಂಜು. ಅಡುಗೆಮನೆ ಬಾಗಿಲಲ್ಲಿ ನಿಂತರೆ ಮೊದಲನೇ ಹೌಸೂ ಕಾಣುತ್ತಿರಲಿಲ್ಲ. ಆ ದಿನ ಉಪ್ಪಿಟ್ಟು ಮಾಡಿದ್ದೆ, ಎಲ್ಲರೂ ತಿಂದು ಕೆಲಸಕ್ಕೆ ಹೋಗಿದ್ದರು. ಲಾರಿ ಮಂಜಿನಲ್ಲಿ ಹೇಗೋ ಬೇಗ ಬಂದು ನಿಂತು, ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಾ ಹಾರ್ನ್ ಒತ್ತುತ್ತಿದ್ದ. ಏಳು ಗಂಟೆಗೆ ಸುಂದರನ ಫೋನು ರಿಂಗಾಯಿತು. ಲೀಲಕ್ಕ.

"ಅಕ್ಕಾ, ಅವ ಇದ್ದಾನಾ ಹತ್ರ?"

"ಏಳನೇ ಹೌಸಲ್ಲಿದ್ದಾನೆ ಲೀಲಕ್ಕ. ಲಾರಿ ಬೇರೆ ಬಂದ್ಬಿಟ್ಟಿದೆ."

"ಹೌದಾ. ಎಂತ ಇಲ್ಲ. ನಾನು ಆಸ್ಪತ್ರೆಯಲ್ಲಿದ್ದೇನೆ. ಗರ್ಭಕೋಶದ್ದು ಸಣ್ಣ ಆಪರೇಶನ್. ಅವನಿಗೆ ಹೇಳ್ಲಿಲ್ಲ, ಸುಮ್ಮನೆ ಹೆದರ್ತಾನೆ. ಈಗ ಒಳಗೆ ಕರ್ಕೊಂಡು ಹೋಗ್ತಾರಂತೆ. ಒಂದು ಸಲ ಅವನ ಸ್ವರ ಕೇಳುವಾ ಅಂತ ಕಂಡಿತು."

ಸಾರಿಗೆ ಬೇಳೆ ಕುದಿಯುತ್ತಿತ್ತು. ನನ್ನ ಚಪ್ಪಲಿ ಹೊರಗೆ ಇಬ್ಬನಿಯಲ್ಲಿ ನೆಂದು ಬಿದ್ದಿತ್ತು. ಅದೆಲ್ಲ ನೆವ. ನಿಜ ಹೇಳಬೇಕೆಂದರೆ ನನಗೆ ಕಾನೂನು ತಲೆಗೆ ಹತ್ತಿತ್ತು. ಹೊಸದಾಗಿ ಮತಕ್ಕೆ ಸೇರಿದವರಿಗೆ ನೇಮ ನಿಷ್ಠೆ ಜಾಸ್ತಿಯಲ್ಲವೇ, ಹಾಗೆ. ಮೂರು ತಿಂಗಳ ಹಿಂದೆ ಈ ತೋಟ ಕಂಡರೆ ಮೂಗು ಮುರಿಯುತ್ತಿದ್ದವಳು ಈಗ ಹಮೀದಾಕನಿಗಿಂತ ಬಿಗಿಯಾಗಿದ್ದೆ. "ಹತ್ತು ಗಂಟೆಗೆ ನಾನೇ ಮಾಡಿಸ್ತೀನಿ ಲೀಲಕ್ಕ. ಅಷ್ಟೊತ್ತಿಗೆ ನಿಮ್ಮದೂ ಮುಗಿದಿರುತ್ತೆ, ಆರಾಮಾಗಿ ಮಾತಾಡ್ಬಹುದು" ಎಂದೆ.

"ಆಗ್ಲಿ, ಆಗ್ಲಿ. ಕೆಲಸ ಕೆಡೂದು ಬೇಡ." ಆಮೇಲೆ, "ಬೆಳಿಗ್ಗೆ ಎಂತ ತಿಂದ ಅವ?" ಎಂದರು.

"ಉಪ್ಪಿಟ್ಟು."

"ಅಯ್ಯೋ! ಅವನಿಗೆ ಉಪ್ಪಿಟ್ಟು ಆಗೂದೇ ಇಲ್ಲ ಅಕ್ಕಾ. ಸಣ್ಣದಿರುವಾಗಲೇ ಆಗೂದಿಲ್ಲ. ಬಾಯಿ ಬಿಟ್ಟು ಹೇಳುವ ಜನ ಅಲ್ಲ, ಸುಮ್ಮನೆ ತಿಂತಾನೆ." ನಕ್ಕರು. ಆಮೇಲೂ ಏನೇನೋ ಮಾತಾಡಿದರು, ಚಳಿಯಾ ಅಲ್ಲಿ, ಕಂಬಳಿ ಇದೆಯಾ ಅಂತ. ಹಿಂದೆ ಯಾರೋ ಕರೆದರು. ಫೋನಿಟ್ಟರು. ಅಷ್ಟು ಹೊತ್ತೂ ಕತ್ತರಿಯ ಸದ್ದು ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

ಎಂಟೂವರೆಗೆ ಅದೇ ಫೋನು ಮತ್ತೆ ರಿಂಗಾಯಿತು. ಈ ಸಲ ಲೀಲಕ್ಕನ ಮಗ. ಅವನಿಗೆ ಅಳುವಿನಲ್ಲಿ ಮಾತೇ ಬರುತ್ತಿಲ್ಲ. ಅರಿವಳಿಕೆ ಕೊಟ್ಟಾಗಲೇ ಎದೆ ನಿಂತಿತಂತೆ. ಏನೇನೋ ಮಾಡಿದರಂತೆ. "ಮಾವನಿಗೆ ಈಗಲೇ ಹೇಳ್ಬೇಡಿ" ಎಂದ. ನಾನು ಬೇಳೆಯ ಒಲೆ ಆರಿಸಿದೆ. ಆಮೇಲೆ ಬರಿಗಾಲಲ್ಲಿ ಹಮೀದಾಕ ಇದ್ದಲ್ಲಿಗೆ ಓಡಿದೆ. ಆಗ ಓಡಿದೆ, ಮಹಾರಾಯಿತಿ!

ಸುದ್ದಿ ಕೇಳಿ ಹಮೀದಾಕ ಖಾಲಿ ಕ್ರೇಟಿನ ಮೇಲೆ ಕೂತರು. ಆ ತೋಟದಲ್ಲಿ ಸಾವಿನ ಸುದ್ದಿಗೂ ಒಂದು ಪದ್ಧತಿ ಇತ್ತು. ಟಿಕೆಟು ಕೈಗೆ ಬರುವವರೆಗೆ ಹೇಳಬಾರದು. ಬಹಳ ಹಿಂದೆ ಒಬ್ಬನಿಗೆ ತಂದೆಯ ಸುದ್ದಿಯನ್ನು ಬೆಳಿಗ್ಗೆಯೇ ಹೇಳಿ, ಎರಡು ದಿನ ಸೀಟು ಸಿಗದೆ, ಅವನು ರಸ್ತೆಗೆ ಓಡಿ ಹೋಗಿ ಬಿಸಿಲಿನಲ್ಲಿ ಬಿದ್ದಿದ್ದನಂತೆ. "ಇಲ್ಲಿ ಕೂತು ಅವ ಎಂತ ಮಾಡೂದು ತಂಗಿ? ತಲೆ ಚಚ್ಚಿಕೊಳ್ಳೂದಾ? ಸಾರ್ ಟಿಕೆಟ್ ಮಾಡ್ಲಿ. ಅಕ್ಕನಿಗೆ ಸೌಖ್ಯ ಇಲ್ಲ, ಹೋಗಿ ನೋಡಿ ಬಾ ಅಂತ ಸಂಜೆ ಹೇಳುವಾ. ಈಗ ಒಂದು ಹೊತ್ತು ನೆಮ್ಮದಿಲಿ ಉಣ್ಲಿ." ಹತ್ತೇ ನಿಮಿಷದಲ್ಲಿ ಏಳನೇ ಹೌಸಿನ ಒಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು. ಅವರು ಸಾವಿನ ವಿಷಯ ಮಾತ್ರ ತಿಳಿದಿದ್ದರು. ಏಳು ಗಂಟೆಯ ಮೊದಲ ಫೋನಿನ ವಿಷಯ ನನಗೊಬ್ಬಳಿಗೇ ಗೊತ್ತಿತ್ತು. ಹಮೀದಾಕನಿಗೂ ಹೇಳದೆ ಅಡುಗೆಮನೆಗೆ ತಿರುಗಿದೆ.

ಹನ್ನೊಂದಕ್ಕೆ ಪೈಪಿಗೆ ಎರಡು ಏಟು ಬಿತ್ತು. ಸುಂದರ ಹಸಿ ಟೊಮ್ಯಾಟೊ ಹಿಚುಕಿ ಕೈಯ ಕರೆ ಉಜ್ಜಿಕೊಳ್ಳುತ್ತಾ ಬಂದ. ಗಿಡದ ಅಂಟಿಗೆ ಕೊಯ್ದವರ ಕೈ ಕಪ್ಪಾಗಿರುತ್ತದೆ, ಅದಕ್ಕೆ ಅದೇ ಕಾಯಿಯ ರಸವೇ ಮದ್ದು. ಚಪ್ಪಲಿ ಬಿಟ್ಟು ಒಳಗೆ ಬಂದು ಕ್ರೇಟಿನಿಂದ ತನ್ನ ಫೋನು ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ನಿಂತ. ನಾನು ಅವನ ಬೆನ್ನು ನೋಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿದ.

"ಊರಿಂದ ಫೋನ್ ಇತ್ತಾ ಅಕ್ಕ?"

"ಇತ್ತು. ಲೀಲಕ್ಕ ಮಾಡಿದ್ರು. ಆರಾಮಿದ್ದಾರಂತೆ."

ಅವನು ನನ್ನನ್ನೇ ನೋಡಿದ. "ಹೌದಾ" ಎಂದ. ಫೋನನ್ನು ಮತ್ತೆ ಕ್ರೇಟಿನಲ್ಲೇ ಬೋರಲು ಇಟ್ಟು ಹೋಗಿ ಹಾಳೆಯ ತುದಿಯಲ್ಲಿ ಕೂತ.

ಆ ಊಟ ನಾನು ಮರೆಯುವುದಿಲ್ಲ. ಎಲ್ಲರೂ ಅನ್ನ ಕಲಸುತ್ತಲೇ ಇದ್ದಾರೆ. ಸುಂದರ ಒಬ್ಬ ಉಣ್ಣುತ್ತಿದ್ದಾನೆ. "ಇವತ್ತು ಸಾರು ಒಳ್ಳೆದುಂಟು ಅಕ್ಕ, ಇನ್ನೊಂದು ಸೌಟು ಹಾಕಿ" ಎಂದ. ಪಕ್ಕದವನಿಗೆ, "ಎಂತ ಮಾರಾಯ, ಉಣ್ಣು, ಮಧ್ಯಾಹ್ನ ಮೇಲೆ ದಾರದಿಂದ ಬಳ್ಳಿ ಇಳಿಸ್ಲಿಕ್ಕುಂಟು" ಎಂದ. ಅವನು ಉಂಡದ್ದನ್ನು ನೋಡಿ ಒಬ್ಬೊಬ್ಬರಾಗಿ ಉಂಡರು. ಪಾಪ, ಏನೂ ಗೊತ್ತಿಲ್ಲ ಇದಕ್ಕೆ ಎಂದು ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ.

ಸಂಜೆ ಹಮೀದಾಕ ಆ ಅರ್ಧ ಸುಳ್ಳು ಹೇಳಿದರು. ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ನಮ್ಮ ಪುಣ್ಯ ಎಂದುಕೊಂಡೆವು. ಊರಿಗೆ ಹೋಗುವವನ ರಟ್ಟಿನ ಪೆಟ್ಟಿಗೆ ಎಲ್ಲರೂ ಸೇರಿ ಕಟ್ಟುವುದು ಅಲ್ಲಿಯ ವಾಡಿಕೆ. ಕಟ್ಟಿದೆವು. ಒಬ್ಬ ಖರ್ಜೂರ ಇಟ್ಟ, ಒಬ್ಬ ಅಕ್ಕನಿಗೆ ಎಂದು ನೋವಿನ ಮುಲಾಮು ಇಟ್ಟ. ನಾನು ಲೀಲಕ್ಕನಿಗೆ ಎಂದು ಉಡದ ಹೊಸ ಕಾಟನ್ ಸೀರೆಯೊಂದನ್ನು ಇಟ್ಟೆ. ಹಮೀದಾಕ ಹಗ್ಗ ಬಿಗಿದರು. ಸುಂದರ ಸುಮ್ಮನೆ ಬೆರಳಿಟ್ಟು ಗಂಟಿಗೆ ಹಿಡಿದುಕೊಟ್ಟ. ಇಲ್ಲದವರಿಗೆ ಸೀರೆ ಕಳಿಸಿದ ನನ್ನಂಥ ನಿರ್ಲಜ್ಜೆ ಇನ್ನೊಬ್ಬಳಿರಲಾರಳು. ಕಪ್ಪು ಶೂ ಹಾಕಿಕೊಂಡು ಅವನು ನಮ್ಮವರ ಕಾರು ಹತ್ತಿದ.

ಅವನು ಹೋದ ಮಾರನೆಯ ದಿನ ಅಡುಗೆಮನೆಯಿಂದ ಏಳನೇ ಹೌಸಿಗೆ ನಡೆದು ನೋಡಿದೆ. ಇನ್ನೂರ ನಲವತ್ತು ಹೆಜ್ಜೆ.

ಮಾರ್ಚ್ ಮೊದಲ ವಾರ ತಿರುಗಿ ಬಂದ. ಶೂ ಒರೆಸಿ ಅದರ ಜಾಗದಲ್ಲಿಟ್ಟು, ಕೈಯಲ್ಲೊಂದು ಕವರು ಹಿಡಿದು ನೇರ ಅಡುಗೆಮನೆಗೆ ಬಂದ. ಬೋಳಿಸಿದ್ದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರಿತ್ತು.

"ನಿಮ್ಮ ಸೀರೆ ಅಕ್ಕ."

ನನಗೆ ಅಳು ಬಂತು. "ಕ್ಷಮಿಸಪ್ಪ. ನಾವು ನಿನಗೆ ಸುಳ್ಳು ಹೇಳಿದ್ವಿ."

"ನಂಗೆ ಅವತ್ತೇ ಗೊತ್ತಿತ್ತು. ಊಟಕ್ಕೆ ಬಂದಾಗ ಫೋನ್ ತೆಗೆದೆನಲ್ಲ. ಅಳಿಯ ವಾಟ್ಸಾಪ್ ಸ್ಟೇಟಸ್ ಹಾಕಿದ್ದ. ಅವಳ ಫೋಟೋ, ಹಾರ."

ಗೊತ್ತಿದ್ದೇ ನನ್ನ ಹತ್ತಿರ ಕೇಳಿದ್ದ. ಗೊತ್ತಿದ್ದೇ ನನ್ನ ಸುಳ್ಳಿಗೆ ಹೌದಾ ಎಂದಿದ್ದ.

"ಮತ್ತೆ ಯಾಕೋ ಉಂಡೆ? ಎರಡನೇ ಸಲ ಸಾರು ಹಾಕಿಸ್ಕೊಂಡ್ಯಲ್ಲೋ!"

"ಅಷ್ಟು ಜನ ಕೂತಿದ್ದರಲ್ಲ ಅಕ್ಕ. ನಾನು ಎದ್ರೆ ಎಲ್ಲರೂ ಏಳ್ಬೇಕು. ಕತ್ತಲಲ್ಲಿ ಎದ್ದು ಕೆಲಸ ಮಾಡಿದವರು." ತಲೆ ತಗ್ಗಿಸಿ ಗೋಡೆಗೆ ಒರಗಿದ. "ಒಂದು ಕೇಳ್ಲಿಕ್ಕುಂಟು. ಫೋನಲ್ಲಿ ಏಳು ಗಂಟೆದು ಒಂದು ಕಾಲ್ ಇತ್ತು. ಆರು ನಿಮಿಷ. ಆರು ನಿಮಿಷ ಅವಳು ಎಂತ ಮಾತಾಡಿದ್ಲು?"

ಎಲ್ಲ ಹೇಳಿದೆ. ಒಂದಕ್ಷರವೂ ಬಿಡಲಿಲ್ಲ. ಸ್ವರ ಕೇಳುವಾ ಅಂತ ಕಂಡಿತು ಎಂದದ್ದನ್ನೂ ಹೇಳಿದೆ, ಹತ್ತು ಗಂಟೆಗೆ ಮಾಡಿಸ್ತೀನಿ ಎಂದ ನನ್ನ ದೊಡ್ಡಸ್ತಿಕೆಯನ್ನೂ ಹೇಳಿದೆ. ಅವನು ಕೇಳುತ್ತಾ ನಿಂತ. ಉಪ್ಪಿಟ್ಟಿನ ಮಾತು ಬಂದಾಗ, "ಉಪ್ಪಿಟ್ಟು ಆಗೂದಿಲ್ಲ ಅಂತ ಹೇಳಿದ್ಲಾ" ಎಂದು ನಗಲು ಹೋದ. ನಗು ಅರ್ಧಕ್ಕೇ ಮುರಿದು, ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತ. ಊರಲ್ಲಿ ಅತ್ತಿರಲಿಲ್ಲವಂತೆ. ನಾನೂ ಪಕ್ಕದಲ್ಲಿ ಕೂತೆ. ಮುಟ್ಟಲು ಧೈರ್ಯ ಬರಲಿಲ್ಲ.

ಕೊನೆಗೆ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು, ಬಾಗಿಲಾಚೆ ನೋಡುತ್ತಾ ಕೇಳಿದ: "ಏಳನೇ ಹೌಸಿಗೆ ಇಲ್ಲಿಂದ ಎಷ್ಟು ದೂರ ಅಕ್ಕ?"

ದಿನಾ ನಡೆಯುವವನಿಗೆ ಗೊತ್ತಿಲ್ಲವೇ. ಇನ್ನೂರ ನಲವತ್ತು ಹೆಜ್ಜೆ, ನಾನು ಎಣಿಸಿದ್ದೆ. ಅವನು ಉತ್ತರಕ್ಕೆ ಕಾಯಲಿಲ್ಲ, ಎದ್ದು ಚಪ್ಪಲಿ ಹಾಕಿಕೊಂಡು ಹೋದ.

ಮಾರನೆಯ ನಸುಕಿನಲ್ಲಿ ಪೈಪಿಗೆ ಏಟು ಬಿದ್ದಾಗ, ಅವನು ಇನ್ನು ಫೋನು ಕ್ರೇಟಿಗೆ ಹಾಕಲಾರ ಎಂದೇ ನಾನು ಎಣಿಸಿದ್ದೆ. ಹಮೀದಾಕನೂ ಹಾಗೇ ಎಣಿಸಿದ್ದಿರಬೇಕು, ಆ ಕಡೆ ನೋಡದೆ ಚಹಾ ಕುಡಿಯುತ್ತಿದ್ದರು. ಸುಂದರ ಎಲ್ಲರಂತೆ ಸಾಲಿನಲ್ಲಿ ಬಂದು ಫೋನು ಇಟ್ಟ.

"ನಿನ್ನ ಹತ್ರಾನೇ ಇರ್ಲಿ ಕಣೋ" ಎಂದೆ.

"ಇರ್ಲಿ ಬಿಡಿ ಅಕ್ಕ. ಅಳಿಯ ಮೆಸೇಜ್ ಹಾಕ್ತಾನೆ ಅಷ್ಟೆ. ಇದಕ್ಕೆ ಫೋನ್ ಮಾಡುವವಳು ಅವಳೊಬ್ಬಳೇ ಇದ್ದದ್ದು."

ಏಪ್ರಿಲ್ ಕೊನೆಗೆ ಬಳ್ಳಿ ಕಿತ್ತು ಹಾಕಿದರು, ಸೀಸನ್ ಖಲಾಸ್, ನಾವು ದೋಹಾಕ್ಕೆ ಬಂದೆವು. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ನಾನು ಒಲೆಯ ಮುಂದೆ ಚಪ್ಪಲಿ ಹಾಕಿಕೊಂಡೇ ನಿಲ್ಲುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಬೇರೆ ಹದಿನೈದು ಫೋನುಗಳು ರಿಂಗಾದವು, ಹದಿನೈದಕ್ಕೂ ಹೌಸಿನವರೆಗೆ ಓಡಿದೆ. ಅವನದ್ದು ಮಾತ್ರ ಒಮ್ಮೆಯೂ ರಿಂಗಾಗಲಿಲ್ಲ.